ಕಿವಿಗೆ ಬಿದ್ದರೂ ನೆನಪಿನಲ್ಲಿ ನಿಲ್ಲದ ಒತ್ತು: ದ್ವಿಭಾಷಿಕರ ಪದಾಘಾತ ಗ್ರಹಿಕೆಯ ಅಧ್ಯಯನಗಳ ಇತಿಹಾಸ

ಎರಡು ಭಾಷೆಗಳನ್ನು ಬಲ್ಲವರು ಪದದ ಒತ್ತನ್ನು ಹೇಗೆ ಗ್ರಹಿಸುತ್ತಾರೆ ಎಂಬ ಪ್ರಶ್ನೆಗೆ ಪ್ರಯೋಗಾಲಯದ ಮೂಲಕ ಉತ್ತರ ಹುಡುಕುವ ಪ್ರಯತ್ನಕ್ಕೆ ಈಗ ಮೂರು ದಶಕಗಳಿಗೂ ಮೀರಿದ ಇತಿಹಾಸವಿದೆ. ಈ ಇತಿಹಾಸದ ಹೆಚ್ಚಿನ ಭಾಗ ಪ್ಯಾರಿಸ್, ಬಾರ್ಸಿಲೋನಾ ಮತ್ತು ಕೇಂಬ್ರಿಡ್ಜ್‌ಗಳಲ್ಲಿ ನಡೆದದ್ದು. ಅದರ ಪಾತ್ರಧಾರಿ ಭಾಷೆಗಳು ಫ್ರೆಂಚ್, ಸ್ಪ್ಯಾನಿಷ್ ಮತ್ತು ಇಂಗ್ಲಿಷ್. ಪ್ರಸ್ತುತ ಲೇಖನದಲ್ಲಿ ನಾವು ಆ ಇತಿಹಾಸವನ್ನು ಕಾಲಕ್ರಮದಲ್ಲಿ ಪರಿಶೀಲಿಸುತ್ತ, ಅದರ ಪ್ರಯೋಗಗಳ ಒಳಗೆ ಸದ್ದಿಲ್ಲದೆ ಸೇರಿಕೊಂಡಿರುವ ‘ದ್ವಿಭಾಷಿಕ’ ಎಂಬ ಕಲ್ಪನೆಯನ್ನು ಕನ್ನಡ-ಇಂಗ್ಲಿಷ್ ಕೇಳುಗರ ಎದುರಿಗಿಟ್ಟು ನೋಡಲಿದ್ದೇವೆ. ಇಂಗ್ಲಿಷ್ ಉಚ್ಚಾರಣೆಯ ಪಾಠಗಳಲ್ಲಿ ‘ನಿಮ್ಮ ಕಿವಿಗೆ ಒತ್ತು ಕೇಳಿಸುವುದೇ ಇಲ್ಲ’ ಎಂಬ ಮಾತನ್ನು ಕನ್ನಡದ ವಿದ್ಯಾರ್ಥಿಗಳು ಇಂದಿಗೂ ಕೇಳುತ್ತಾರೆ. ಆ ಮಾತು ಎಷ್ಟರಮಟ್ಟಿಗೆ ನಿಜ ಎಂಬುದು ಕೇವಲ ಶಾಸ್ತ್ರೀಯ ಕುತೂಹಲದ ವಿಷಯವಲ್ಲ.

ಮೊದಲಿಗೆ ಪರಿಭಾಷೆಯ ಬಗ್ಗೆ ಎರಡು ಮಾತು. ಕನ್ನಡದಲ್ಲಿ ‘ಒತ್ತು’ ಎಂದರೆ ಸಾಮಾನ್ಯ ಓದುಗರಿಗೆ ಮೊದಲು ಹೊಳೆಯುವುದು ಒತ್ತಕ್ಷರ. ‘ಸ್ವರಾಘಾತ’ ಎಂದರೆ ವೇದಪಾಠದ ಉದಾತ್ತ, ಅನುದಾತ್ತ, ಸ್ವರಿತಗಳು ನೆನಪಾಗುತ್ತವೆ. ಪಾಣಿನಿಯು ಅಷ್ಟಾಧ್ಯಾಯಿಯ 1.2.29ರಿಂದ 1.2.31ರವರೆಗಿನ ಸೂತ್ರಗಳಲ್ಲಿ ಲಕ್ಷಣ ಹೇಳುವ ಈ ಸ್ವರಗಳು ಸ್ಥಾಯಿಯ ಏರಿಳಿತಕ್ಕೆ ಸಂಬಂಧಿಸಿದವು. ಇಂಗ್ಲಿಷಿನ ಪದಾಘಾತದೊಂದಿಗೆ ಅವನ್ನು ಸಮೀಕರಿಸುವುದು ಸಲ್ಲದು. ಆದರೂ ಪತಂಜಲಿಯು ಮಹಾಭಾಷ್ಯದ ಆರಂಭದಲ್ಲೇ ಎತ್ತಿಕೊಳ್ಳುವ ‘ಇಂದ್ರಶತ್ರು’ವಿನ ನಿದರ್ಶನ ಇಲ್ಲಿ ಪ್ರಸ್ತುತವೇ. ಸ್ವರ ಕೊನೆಯಲ್ಲಿ ಬಿದ್ದರೆ ಆ ಸಮಾಸ ತತ್ಪುರುಷ, ಇಂದ್ರನನ್ನು ಕೊಲ್ಲುವವನು. ಮೊದಲಲ್ಲಿ ಬಿದ್ದರೆ ಬಹುವ್ರೀಹಿ, ಇಂದ್ರನೇ ಕೊಲ್ಲುವವನಾಗಿ ಉಳ್ಳವನು. ಅಕ್ಷರಗಳೆಲ್ಲ ಒಂದೇ ಆಗಿದ್ದು ಪ್ರಾಮುಖ್ಯದ ಸ್ಥಾನ ಮಾತ್ರ ಬದಲಾದಾಗ ಪದವೇ ಬದಲಾಗುವ ಭಾಷೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈ ಲೇಖನದಲ್ಲಿ ನಾವು ‘ಪದಾಘಾತ’ ಮತ್ತು ‘ಒತ್ತು’ ಎಂಬ ಪದಗಳನ್ನು ಸಮಾನಾರ್ಥಕವಾಗಿ ಬಳಸಿ, ಒತ್ತು ಬೀಳುವ ಉಚ್ಚಾರಾಂಶದ ಮುನ್ನ ˈ ಚಿಹ್ನೆಯನ್ನು ಇಡುತ್ತೇವೆ. ಕನ್ನಡ ಲಿಪಿಗೆ ಬೇರೆ ಉಪಾಯವಿಲ್ಲ. ಸ್ಪ್ಯಾನಿಷಿನಲ್ಲಿ ˈಪಪ ಎಂದರೆ ಆಲೂಗಡ್ಡೆ, ಪˈಪ ಎಂದರೆ ಅಪ್ಪ. ಇವನ್ನು ‘ಪಾಪ’, ‘ಪಪಾ’ ಎಂದು ಬರೆದುಬಿಡುವ ಚಪಲ ಕನ್ನಡಿಗರ ಕೈಗೆ ಸಹಜವಾಗಿಯೇ ಬರುತ್ತದೆ. ಒತ್ತನ್ನು ದೀರ್ಘವಾಗಿ ಬರೆಯುವ ಈ ಚಪಲವೇ ನಮ್ಮ ವಿಷಯದ ಒಂದು ಭಾಗವೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಪರಭಾಷೆಯ ಧ್ವನಿಗಳನ್ನು ನಾವು ನಮ್ಮ ಭಾಷೆಯ ಮೂಲಕವೇ ಕೇಳುತ್ತೇವೆ ಎಂಬ ವಿಚಾರವನ್ನು ಭಾಷಾವಿಜ್ಞಾನದಲ್ಲಿ ಸ್ಪಷ್ಟವಾಗಿ ಮಂಡಿಸಿದವರಲ್ಲಿ ಮೊದಲಿಗನು ರಷ್ಯಾದ ಯೆವ್ಗೇನಿ ಪೊಲಿವಾನೊವ್. ಅವನ ಲೇಖನ 1931ರಲ್ಲಿ ಪ್ರಾಗ್ ಭಾಷಾಶಾಸ್ತ್ರ ವಲಯದ ಸಂಪುಟದಲ್ಲಿ ಫ್ರೆಂಚಿನಲ್ಲಿ ಪ್ರಕಟವಾಯಿತು. ಏಳು ವರ್ಷಗಳ ನಂತರ, 1938ರಲ್ಲಿ, ಸ್ಟಾಲಿನ್ ಆಡಳಿತ ಅವನನ್ನು ಗುಂಡಿಕ್ಕಿ ಕೊಂದಿತು. ಅದೇ ವರ್ಷ ವಿಯೆನ್ನಾದಲ್ಲಿ ತೀರಿಕೊಂಡ ನಿಕೊಲಾಯ್ ತ್ರುಬೆತ್ಸ್ಕೊಯ್, 1939ರಲ್ಲಿ ಮರಣೋತ್ತರವಾಗಿ ಪ್ರಕಟವಾದ ತನ್ನ ಧ್ವನಿಮಾಶಾಸ್ತ್ರದ ಗ್ರಂಥದಲ್ಲಿ ಇದೇ ವಿಚಾರಕ್ಕೆ ಜರಡಿಯ ರೂಪಕ ಕೊಟ್ಟನು: ಮಾತೃಭಾಷೆಯ ಧ್ವನಿಮಾ ವ್ಯವಸ್ಥೆ ಒಂದು ಜರಡಿ, ಕೇಳಿದ ಮಾತೆಲ್ಲ ಅದರ ಮೂಲಕ ಹಾದುಬರುತ್ತದೆ. ಈ ಜರಡಿ ಒಂದೇ ಭಾಷೆಯದು ಎಂಬುದನ್ನು ಗಮನಿಸಬೇಕು. ಎರಡು ಭಾಷೆಗಳ ನಡುವೆ ಬೆಳೆದ ಮನುಷ್ಯನ ಬಳಿ ಎರಡು ಜರಡಿಗಳಿವೆಯೋ, ಎರಡೂ ಸೇರಿದ ಒಂದಿದೆಯೋ ಎಂಬ ಪ್ರಶ್ನೆಯನ್ನು ಪ್ರಯೋಗದ ಮೂಲಕ ಕೇಳಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಆ ನಡುವಿನ ಕಾಲದಲ್ಲಿ ಒತ್ತಿನ ಭೌತಿಕ ಸ್ವರೂಪದ ಬಗ್ಗೆ ತಿಳಿವಳಿಕೆ ಬೆಳೆಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೆನ್ನಿಸ್ ಫ್ರೈ 1955 ಮತ್ತು 1958ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಂದಿಗೂ ಆಧಾರಪ್ರಾಯವಾಗಿವೆ. ಪರ್ಮಿಟ್, ಆಬ್ಜೆಕ್ಟ್, ಕಾಂಟ್ರಾಕ್ಟ್ ಮೊದಲಾದ ಪದಗಳು ಇಂಗ್ಲಿಷಿನಲ್ಲಿ ಮೊದಲ ಉಚ್ಚಾರಾಂಶದ ಮೇಲೆ ಒತ್ತು ಬಿದ್ದಾಗ ನಾಮಪದ, ಎರಡನೆಯದರ ಮೇಲೆ ಬಿದ್ದಾಗ ಕ್ರಿಯಾಪದ. ಫ್ರೈ ಇವನ್ನು ಕೃತಕವಾಗಿ ಸಂಯೋಜಿಸಿ, ಸ್ವರಗಳ ಕಾಲಾವಧಿ, ತೀವ್ರತೆ ಮತ್ತು ಸ್ಥಾಯಿಗಳನ್ನು ಬೇರೆ ಬೇರೆಯಾಗಿ ಬದಲಿಸುತ್ತ ಕೇಳುಗರ ತೀರ್ಪನ್ನು ಸಂಗ್ರಹಿಸಿದನು. ಜೋರಾಗಿ ಹೇಳುವುದೇ ಒತ್ತು ಎಂಬ ರೂಢಿಯ ನಂಬಿಕೆ ಇದರಿಂದ ಸಡಿಲಿತು: ತೀವ್ರತೆಗಿಂತ ಕಾಲಾವಧಿಯೂ ಸ್ಥಾಯಿಯ ಬದಲಾವಣೆಯೂ ಕೇಳುಗರ ಮೇಲೆ ಹೆಚ್ಚಿನ ಪರಿಣಾಮ ಬೀರಿದವು. 1958ರಲ್ಲೇ ಡ್ವೈಟ್ ಬಾಲಿಂಜರ್ ಸ್ಥಾಯಿಯ ಪಾತ್ರವನ್ನು ಇನ್ನೂ ಬಲವಾಗಿ ಪ್ರತಿಪಾದಿಸಿದನು. ನಮಗೆ ಇಲ್ಲಿ ಮುಖ್ಯವಾದದ್ದು ಇಷ್ಟು: ಒತ್ತು ಎಂಬುದು ಒಂದು ಧ್ವನಿಗುಣವಲ್ಲ, ಹಲವು ಗುಣಗಳನ್ನು ಭಾಷೆಯೊಂದು ತನಗೆ ಬೇಕಾದ ಪ್ರಮಾಣದಲ್ಲಿ ಬೆರೆಸಿಕೊಂಡ ಸಂಯೋಗ. ಆ ಗುಣಗಳನ್ನೇ ಬೇರೊಂದು ಭಾಷೆ ಬೇರೆ ಕೆಲಸಕ್ಕೆ ಹಚ್ಚಿರಬಹುದು.

ದ್ವಿಭಾಷಿಕರ ಕಡೆಗೆ ಪ್ರಯೋಗಗಳು ತಿರುಗಿದ್ದು ಒತ್ತಿನ ಮೂಲಕವಲ್ಲ, ಮಾತಿನ ವಿಭಜನೆಯ ಮೂಲಕ. 1981ರಲ್ಲಿ ಜಾಕ್ ಮೆಹ್ಲರ್ ಮತ್ತು ಸಂಗಡಿಗರು ಫ್ರೆಂಚ್ ಕೇಳುಗರು ಮಾತನ್ನು ಉಚ್ಚಾರಾಂಶಗಳಾಗಿ ಒಡೆದು ಗ್ರಹಿಸುತ್ತಾರೆಂದು ತೋರಿಸಿದರು. 1988ರಲ್ಲಿ ಆನ್ ಕಟ್ಲರ್ ಮತ್ತು ಡೆನ್ನಿಸ್ ನಾರಿಸ್ ಇಂಗ್ಲಿಷ್ ಕೇಳುಗರು ಬಲವಾದ ಉಚ್ಚಾರಾಂಶ ಬಂದಲ್ಲಿ ಹೊಸ ಪದ ಆರಂಭವಾಯಿತೆಂದು ಊಹಿಸಿ ಮುಂದುವರಿಯುತ್ತಾರೆಂದು ವಾದಿಸಿದರು. ಹಾಗಾದರೆ ಎರಡನ್ನೂ ಬಾಲ್ಯದಿಂದ ಆಡುತ್ತ ಬಂದವರ ಪಾಡೇನು? ಕಟ್ಲರ್, ಮೆಹ್ಲರ್, ನಾರಿಸ್ ಮತ್ತು ಹ್ವಾನ್ ಸೆಗಿ 1989ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಬಳಿಕ 1992ರಲ್ಲಿ ‘ಕಾಗ್ನಿಟಿವ್ ಸೈಕಾಲಜಿ’ಯಲ್ಲಿ ಇನ್ನಷ್ಟು ವಿಸ್ತಾರವಾಗಿ ಇದಕ್ಕೆ ಉತ್ತರಿಸಿದರು.

ಈ ಅಧ್ಯಯನದ ಒಂದು ವಿವರದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ. ಆಯ್ದ ಕೇಳುಗರು ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಮಾತೃಭಾಷಿಕರಂತೆಯೇ ಆಡಬಲ್ಲವರಾಗಿದ್ದರು. ಅವರನ್ನು ಒಂದೇ ಗುಂಪಾಗಿ ನೋಡಿದಾಗ ಫಲಿತಾಂಶ ಕಲಸಿಹೋಗಿತ್ತು. ಆಗ ಸಂಶೋಧಕರು ಅವರಿಗೊಂದು ಪ್ರಶ್ನೆ ಕೇಳಿದರು: ಜೀವ ಉಳಿಸಿಕೊಳ್ಳಲು ಎರಡರಲ್ಲಿ ಒಂದು ಭಾಷೆಯನ್ನು ಕಳೆದುಕೊಳ್ಳಲೇಬೇಕಾಗಿ ಬಂದರೆ ನೀವು ಯಾವುದನ್ನು ಉಳಿಸಿಕೊಳ್ಳುತ್ತೀರಿ? ಈ ಉತ್ತರದ ಪ್ರಕಾರ ಗುಂಪನ್ನು ಒಡೆದಾಗ ಚಿತ್ರ ತಿಳಿಯಾಯಿತು. ಫ್ರೆಂಚನ್ನು ಉಳಿಸಿಕೊಂಡವರು ಫ್ರೆಂಚ್ ಪದಗಳನ್ನು ಕೇಳುವಾಗ ಉಚ್ಚಾರಾಂಶದ ಕ್ರಮವನ್ನು ಅನುಸರಿಸಿದರು; ಇಂಗ್ಲಿಷನ್ನು ಉಳಿಸಿಕೊಂಡವರು ಅನುಸರಿಸಲಿಲ್ಲ. ಒತ್ತನ್ನಾಧರಿಸಿದ ವಿಭಜನೆ ಇಂಗ್ಲಿಷನ್ನು ಆಯ್ದುಕೊಂಡವರಲ್ಲಿ ಮಾತ್ರ ಕಂಡಿತು. ಲಯವನ್ನು ಕೇಳುವ ಮಟ್ಟದಲ್ಲಿ ಮನುಷ್ಯ ಏಕಭಾಷಿಕನೇ ಎಂದು ಲೇಖಕರು ತೀರ್ಮಾನಿಸಿದರು. ನಿರರ್ಗಳವಾಗಿ ಎರಡು ಭಾಷೆಯಾಡುವ ವ್ಯಕ್ತಿಯೊಳಗೆ ಕೇಳುಗನೊಬ್ಬ ಒಂದೇ ಭಾಷೆಗೆ ಕಟ್ಟುಬಿದ್ದು ಕೂತಿದ್ದಾನೆ ಎಂಬ ಈ ಮಾತು ಮುಂದಿನ ಎರಡು ದಶಕಗಳ ಚರ್ಚೆಯನ್ನು ಆಳಿತು. ಅಂಥ ತೀರ್ಮಾನಕ್ಕೆ ಕೀಲಿಕೈಯಾದದ್ದು, ಒಂದು ಭಾಷೆಯನ್ನು ಬಿಟ್ಟುಕೊಡುವ ಕಲ್ಪನೆ.

ಒತ್ತಿನ ಗ್ರಹಿಕೆ ನೇರವಾಗಿ ಪ್ರಯೋಗಕ್ಕೆ ಒಳಗಾದದ್ದು 1997ರಲ್ಲಿ. ಎಮ್ಯಾನ್ಯುಯೆಲ್ ಡ್ಯೂಪೂ, ಕ್ರಿಸ್ಟೋಫ್ ಪಾಲ್ಯೆ, ನೂರಿಯಾ ಸೆಬಾಸ್ತಿಯಾನ್ ಮತ್ತು ಮೆಹ್ಲರ್ ಅವರು ‘ಜರ್ನಲ್ ಆಫ್ ಮೆಮರಿ ಅಂಡ್ ಲ್ಯಾಂಗ್ವೇಜ್’ನಲ್ಲಿ ಪ್ರಕಟಿಸಿದ ಲೇಖನದಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್ ಏಕಭಾಷಿಕರನ್ನು ಹೋಲಿಸಿದರು. ಸ್ಪ್ಯಾನಿಷಿನಲ್ಲಿ ಒತ್ತು ಪದವನ್ನೇ ಬದಲಿಸುತ್ತದೆ: ˈಬೆಬೆ ಎಂದರೆ ಕುಡಿಯುತ್ತಾನೆ, ಬೆˈಬೆ ಎಂದರೆ ಶಿಶು. ಫ್ರೆಂಚಿನಲ್ಲಿ ಪ್ರಾಮುಖ್ಯ ಪದಪುಂಜದ ಕೊನೆಗೆ ತಾನೇ ತಾನಾಗಿ ಬೀಳುತ್ತದೆ. ಪದಗಳನ್ನು ಬೇರ್ಪಡಿಸುವ ಕೆಲಸ ಅದಕ್ಕಿಲ್ಲ. ˈವಸುಮ, ವˈಸುಮ, ವಸುˈಮ ಎಂಬಂಥ ನಿರರ್ಥಕ ಪದಗಳನ್ನು ಬೇರೆ ಬೇರೆ ದನಿಗಳಲ್ಲಿ ಕೇಳಿಸಿ, ಮೂರನೆಯದು ಮೊದಲನೆಯದಕ್ಕೆ ಹೋಲುತ್ತದೆಯೋ ಎರಡನೆಯದಕ್ಕೋ ಎಂದು ಕೇಳಿದಾಗ ಫ್ರೆಂಚ್ ಕೇಳುಗರು ಸ್ಪ್ಯಾನಿಷ್ ಕೇಳುಗರಿಗಿಂತ ಬಹಳ ಹೆಚ್ಚು ತಪ್ಪಿದರು. ಆದರೆ ಒಂದೇ ದನಿಯಲ್ಲಿ ಎರಡು ಪದ ಕೇಳಿಸಿ ‘ಒಂದೇ ತಾನೇ?’ ಎಂದು ಕೇಳಿದಾಗ ಅದೇ ಫ್ರೆಂಚ್ ಕೇಳುಗರಿಗೆ ತೊಡಕಾಗಲಿಲ್ಲ.

ಈ ಎರಡನೆಯ ಫಲಿತಾಂಶಕ್ಕೆ ಬೋಧನಾ ವಲಯದಲ್ಲಿ ಸಲ್ಲಬೇಕಾದ ಗಮನ ಸಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಕಿವಿ ವ್ಯತ್ಯಾಸವನ್ನು ಹಿಡಿಯುತ್ತದೆ. ಆದರೆ ದನಿ ಬದಲಾದಾಗ, ಕ್ಷಣಕಾಲ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದಾಗ ಅದನ್ನು ಬರೆದಿಡಲು ಮನಸ್ಸಿನಲ್ಲಿ ಕಾಲಮ್ಮೇ ಇರುವುದಿಲ್ಲ. ಲೇಖಕರು ಬಳಸಿದ ‘ಕಿವುಡು’ ಎಂಬ ಪದ ಉದ್ಧರಣ ಚಿಹ್ನೆಯೊಳಗೆ ಇತ್ತು. ಕನ್ನಡದಲ್ಲಿ ಇದನ್ನು ‘ಒತ್ತುಗಿವುಡು’ ಎನ್ನಬಹುದಾದರೂ ಚಿಹ್ನೆಯನ್ನು ಕಳಚಿಡುವಂತಿಲ್ಲ. ಇದು ಕಿವಿಯ ದೋಷವಲ್ಲ, ಸಂಕೇತೀಕರಣದ ಕ್ರಮ.

2001ರಲ್ಲಿ ಡ್ಯೂಪೂ, ಶರೋನ್ ಪೆಪರ್‌ಕ್ಯಾಂಪ್ ಮತ್ತು ಸೆಬಾಸ್ತಿಯಾನ್-ಗಾಯೆಸ್ ರೂಪಿಸಿದ ಹೊಸ ವಿಧಾನ ಈ ಅಂಶವನ್ನು ಖಚಿತಪಡಿಸಿತು. ಕೇಳುಗರು ಮೊದಲು ಎರಡು ನಿರರ್ಥಕ ಪದಗಳನ್ನು ಎರಡು ಕೀಲಿಗಳಿಗೆ ಜೋಡಿಸಿ ಕಲಿಯುತ್ತಾರೆ; ಬಳಿಕ ಅವೆರಡೂ ಬೆರೆತು ಬರುವ ಸರಣಿಯನ್ನು ಕೇಳಿ, ಅದೇ ಕ್ರಮದಲ್ಲಿ ಕೀಲಿಗಳನ್ನು ಒತ್ತುತ್ತಾರೆ. ಸರಣಿಯ ಕೊನೆಯಲ್ಲಿ ‘ಓಕೆ’ ಎಂಬ ಪದ ಬರುತ್ತದೆ. ಕಿವಿಯಲ್ಲಿ ಇನ್ನೂ ಗುಂಯ್ಗುಡುತ್ತಿರುವ ಪ್ರತಿಧ್ವನಿಯನ್ನು ನೆಚ್ಚಿ ಉತ್ತರಿಸದಂತೆ ಮಾಡುವುದು ಅದರ ಕೆಲಸ. ಪದಗಳು ಒಂದು ವ್ಯಂಜನದಿಂದ ಬೇರೆಯಾಗಿದ್ದರೆ ಫ್ರೆಂಚರು ಸ್ಪ್ಯಾನಿಷರಷ್ಟೇ ಸಮರ್ಥರು. ಒತ್ತಿನಿಂದ ಮಾತ್ರ ಬೇರೆಯಾಗಿದ್ದರೆ ಅವರ ಸಾಧನೆ ಕುಸಿಯಿತು. ಇಬ್ಬರ ಅಂಕಗಳು ಬಹುಮಟ್ಟಿಗೆ ಒಂದರ ಮೇಲೊಂದು ಬೀಳದಷ್ಟು ಅಂತರವಿದ್ದುದರಿಂದ, ಒಬ್ಬೊಬ್ಬ ವ್ಯಕ್ತಿಯನ್ನೂ ಈ ಬದಿಗೆ ಅಥವಾ ಆ ಬದಿಗೆ ಸೇರಿಸುವ ಸಾಧನವೊಂದು ಕೈಗೆ ಬಂದಂತಾಯಿತು.

ಇದೇ ಸಾಧನವನ್ನು ಇತರ ಭಾಷೆಗಳಿಗೆ ಒಯ್ದಾಗ ದೊರೆತದ್ದು ಕನ್ನಡದ ದೃಷ್ಟಿಯಿಂದ ಅತ್ಯಂತ ಮಹತ್ವದ್ದು. ಪೆಪರ್‌ಕ್ಯಾಂಪ್, ವಾಂದಲೆಂ ಮತ್ತು ಡ್ಯೂಪೂ 2010ರಲ್ಲಿ ಫ್ರೆಂಚ್, ಫಿನ್ನಿಷ್, ಹಂಗೇರಿಯನ್, ಪೋಲಿಷ್ ಮತ್ತು ಸ್ಪ್ಯಾನಿಷ್ ಕೇಳುಗರನ್ನು ಹೋಲಿಸಿದರು. ಫಿನ್ನಿಷ್ ಮತ್ತು ಹಂಗೇರಿಯನ್ ಭಾಷೆಗಳಲ್ಲಿ ಒತ್ತು ಸದಾ ಮೊದಲ ಉಚ್ಚಾರಾಂಶದ ಮೇಲೆ. ಅವರ ಫಲಿತಾಂಶ ಫ್ರೆಂಚರಂತೆಯೇ ಇತ್ತು. ಉಪಾಂತ್ಯದಲ್ಲಿ ಒತ್ತು ಬೀಳುವ, ಆದರೆ ಕೆಲವು ಅಪವಾದ ಪದಗಳನ್ನುಳ್ಳ ಪೋಲಿಷಿನವರು ನಡುವೆ ನಿಂತರು. ಫಿನ್ನಿಷ್ ಭಾಷೆಯ ಚಹರೆಯನ್ನು ಕನ್ನಡದ ಪಕ್ಕದಲ್ಲಿಟ್ಟು ನೋಡಿ: ಸ್ವರದ ಹ್ರಸ್ವ-ದೀರ್ಘ, ವ್ಯಂಜನದ ಸಜಾತೀಯ ದ್ವಿತ್ವ ಎರಡೂ ಅರ್ಥಭೇದಕ, ಪದಾದಿಯಲ್ಲಿ ಪ್ರಾಮುಖ್ಯ. ಕನ್ನಡದಲ್ಲೂ ಬಿಡು-ಬೀಡು, ಮಲೆ-ಮಾಲೆ, ಕೊಡು-ಕೋಡುಗಳಲ್ಲಿ ಕಾಲಾವಧಿಯೇ ಪದಭೇದಕ. ಒತ್ತಿನಿಂದ ಮಾತ್ರ ಬೇರೆಯಾಗುವ ಪದಜೋಡಿ ಇಲ್ಲ. ಪದಾದಿಯ ಬಲಕ್ಕೆ ಆಡುಮಾತಿನ ಸ್ವರಲೋಪವೇ ಸಾಕ್ಷಿ: ‘ಬರುತ್ತೇನೆ’ ಎಂಬುದು ‘ಬರ್ತೀನಿ’ ಆಗುತ್ತದೆ, ‘ಬರಲಿಲ್ಲ’ ಎಂಬುದು ‘ಬರ್ಲಿಲ್ಲ’ ಆಗುತ್ತದೆ. ಕಳಚುವುದು ನಡುವಿನ ಹ್ರಸ್ವಸ್ವರ. ಮೊದಲನೆಯದು ಗಟ್ಟಿಯಾಗಿ ಕೂತಿರುತ್ತದೆ. ಕಾಲಾವಧಿಗೆ ಇಷ್ಟು ಸೂಕ್ಷ್ಮವಾದ ಕಿವಿ ಒತ್ತಿಗೂ ಸೂಕ್ಷ್ಮವಾಗಿರುತ್ತದೆ ಎಂದು ಭಾವಿಸುವುದು ಸಹಜ. ಫಿನ್ನಿಷ್ ಫಲಿತಾಂಶ ಆ ಭಾವನೆಯನ್ನು ಅಲ್ಲಗಳೆಯುತ್ತದೆ. ಕಾಲಾವಧಿಯ ಹುದ್ದೆ ಆಗಲೇ ಭರ್ತಿಯಾಗಿದೆ. ಅದು ದೀರ್ಘಸ್ವರವೆಂದು ನಮೂದಾಗುತ್ತದೆಯೇ ಹೊರತು ಒತ್ತೆಂದಲ್ಲ.

2015ರಲ್ಲಿ ರಹಮಾನಿ, ರೀಟ್‌ಫೆಲ್ಟ್ ಮತ್ತು ಹುಸೆನ್‌ಹೋವನ್ ಪರ್ಷಿಯನ್, ಡಚ್, ಜಪಾನಿ, ಇಂಡೋನೇಷ್ಯನ್ ಮತ್ತು ಫ್ರೆಂಚ್ ಕೇಳುಗರ ಮೇಲೆ ನಡೆಸಿದ ಅಧ್ಯಯನವೂ ಇದೇ ದಿಕ್ಕಿನದು. ಸ್ಥಾಯಿಯ ಮೂಲಕ ಪದಭೇದ ಮಾಡುವ ಜಪಾನಿಯವರು ಡಚ್ಚರಂತೆ ಸಲೀಸಾಗಿ ದಾಟಿದರು. ಪರ್ಷಿಯನ್ನರು ಫ್ರೆಂಚರ ಗುಂಪಿಗೆ ಸೇರಿದರು. ಮಾತಿನಲ್ಲಿ ಪ್ರಾಮುಖ್ಯ ಕೇಳಿಸಿದರೆ ಸಾಲದು. ಪದಕೋಶದಲ್ಲಿ ಅದು ದಾಖಲಾಗಿರಬೇಕು.

ಇನ್ನು ದ್ವಿಭಾಷಿಕರು. 2008ರಲ್ಲಿ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಬಂದ ಅಧ್ಯಯನ, ಪ್ರೌಢರಾದ ಮೇಲೆ ಸ್ಪ್ಯಾನಿಷ್ ಕಲಿತ ಫ್ರೆಂಚರನ್ನು ಪರೀಕ್ಷಿಸಿತು. ಆರಂಭಿಕರು, ಮುಂದುವರಿದವರು ಎಂಬ ಭೇದ ಫಲಿತಾಂಶದಲ್ಲಿ ಕಾಣಲಿಲ್ಲ. ಸ್ಪ್ಯಾನಿಷನ್ನು ಚೆನ್ನಾಗಿ ಆಡಬಲ್ಲವರೂ ಒತ್ತಿನ ಸರಣಿಯಲ್ಲಿ ಏಕಭಾಷಿಕ ಫ್ರೆಂಚರಂತೆಯೇ ಎಡವಿದರು. ಒತ್ತಿನ ಸ್ಥಾನ ತಪ್ಪಿಸಿ ಹೇಳಿದ ಸ್ಪ್ಯಾನಿಷ್ ಪದವನ್ನು ಪದವೇ ಅಲ್ಲವೆಂದು ತಿರಸ್ಕರಿಸುವುದೂ ಅವರಿಗೆ ಕಷ್ಟವಾಯಿತು. 2010ರಲ್ಲಿ ಡ್ಯೂಪೂ, ಪೆಪರ್‌ಕ್ಯಾಂಪ್ ಮತ್ತು ಸೆಬಾಸ್ತಿಯಾನ್-ಗಾಯೆಸ್ ಹುಟ್ಟಿನಿಂದಲೇ ಎರಡೂ ಭಾಷೆ ಕೇಳಿ ಬೆಳೆದವರತ್ತ ತಿರುಗಿದರು. ಲೇಖನದ ಶೀರ್ಷಿಕೆಯೇ 1989ರ ‘ನೇಚರ್’ ಲೇಖನದ ಶೀರ್ಷಿಕೆಯನ್ನು ನೆನಪಿಸುವಂತಿತ್ತು. ಗುಂಪಿನ ಸರಾಸರಿ ಸ್ಪ್ಯಾನಿಷರಿಗೂ ತಡವಾಗಿ ಕಲಿತ ಫ್ರೆಂಚರಿಗೂ ನಡುವೆ ಬಂತು. ಆದರೆ ಮೂರು ಕಾರ್ಯಗಳ ಫಲಿತಾಂಶವನ್ನು ಒಂದು ಸೂಚ್ಯಂಕವಾಗಿ ಕೂಡಿಸಿ ವ್ಯಕ್ತಿಗಳ ಹಂಚಿಕೆಯನ್ನು ನೋಡಿದಾಗ ನಡುವೆ ಯಾರೂ ಗುಂಪುಗೂಡಿರಲಿಲ್ಲ. ಹಂಚಿಕೆಗೆ ಎರಡು ಶಿಖರಗಳಿದ್ದವು: ಕೆಲವರು ಸ್ಪ್ಯಾನಿಷರಂತೆ, ಉಳಿದವರು ಫ್ರೆಂಚರಂತೆ. ಯಾರು ಯಾವ ಕಡೆ ಎಂಬುದು ಮೊದಲ ವರ್ಷಗಳಲ್ಲಿ ಕಿವಿಗೆ ಯಾವ ಭಾಷೆ ಹೆಚ್ಚು ಬಿತ್ತು ಎಂಬುದರೊಂದಿಗೆ ತಳುಕುಹಾಕಿಕೊಂಡಿತ್ತು. ಸರಾಸರಿಯೊಂದನ್ನೇ ನೋಡಿ ‘ಮಧ್ಯಮ’ ಎಂದು ಷರಾ ಬರೆಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ನಮಗೆ ತಿಳಿದಿಲ್ಲ. ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳು ಈ ಲೇಖನವನ್ನು ವಿಧಾನಕ್ಕಾಗಿಯಾದರೂ ಓದಬೇಕು.

ಶಿಶುಗಳ ಅಧ್ಯಯನ ಈ ಕಠಿಣ ಚಿತ್ರವನ್ನು ತುಸು ಮೃದುಗೊಳಿಸಿತು. 2012ರಲ್ಲಿ ಬಿಯೆಲಾಕ್-ಬಾಬಿಕ್ ಮತ್ತು ಸಂಗಡಿಗರು ಹತ್ತು ತಿಂಗಳ ಶಿಶುಗಳಲ್ಲಿ, ಫ್ರೆಂಚಿನ ಜೊತೆಗೆ ಒತ್ತಿನ ಸ್ಥಾನ ಬದಲಾಗುವ ಇನ್ನೊಂದು ಭಾಷೆಯನ್ನು ಕೇಳುತ್ತಿದ್ದ ಕೂಸುಗಳು ಫ್ರೆಂಚನ್ನು ಮಾತ್ರ ಕೇಳುತ್ತಿದ್ದ ಕೂಸುಗಳಿಗಿಂತ ಕಡಿಮೆ ಪರಿಚಯದಲ್ಲೇ ವ್ಯತ್ಯಾಸವನ್ನು ಗುರುತಿಸಿದವೆಂದು ತೋರಿಸಿದರು. ಫ್ರೆಂಚ್ ಕೂಸುಗಳಿಗೂ ಹೆಚ್ಚು ಹೊತ್ತು ಕೇಳಿಸಿದರೆ ಸಾಧ್ಯವಾಗುತ್ತಿತ್ತು.

ಭಾರತದಲ್ಲಿ ಈ ಪ್ರಶ್ನೆ ಬೇರೆಯದೇ ದಾರಿ ಹಿಡಿಯಿತು. ಇಲ್ಲಿ ಒತ್ತು ಗ್ರಹಿಕೆಯ ಸಮಸ್ಯೆಯಾಗಿ ಬರಲಿಲ್ಲ, ಉಚ್ಚಾರಣೆಯ ದೋಷವಾಗಿ ಬಂತು. 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ 1969ರಲ್ಲಿ ಪ್ರಕಟಿಸಿದ ಆರ್. ಕೆ. ಬನ್ಸಲ್ ಅವರ ಅಧ್ಯಯನ ಭಾರತೀಯ ಇಂಗ್ಲಿಷ್ ವಿವಿಧ ದೇಶಗಳ ಕೇಳುಗರಿಗೆ ಎಷ್ಟು ಅರ್ಥವಾಗುತ್ತದೆಂದು ಅಳೆದು, ಅರ್ಥವಾಗದಿರುವುದಕ್ಕೆ ಪದಾಘಾತದ ವ್ಯತ್ಯಾಸವನ್ನು ಮುಖ್ಯ ಕಾರಣಗಳಲ್ಲಿ ಒಂದಾಗಿ ಗುರುತಿಸಿತು. ಅಧ್ಯಯನ ಗಂಭೀರವಾದದ್ದೇ. ಆದರೆ ಅದರ ಸಾರ ತರಗತಿಗೆ ಇಳಿದಾಗ ಉಳಿದದ್ದು ಪದಪಟ್ಟಿಗಳು ಮತ್ತು ಅವುಗಳ ಮೇಲಿನ ಗೀಟುಗಳು. 2003ರಲ್ಲಿ ವಿಲ್ಟ್‌ಶೈರ್ ಮತ್ತು ಮೂನ್ ಭಾರತೀಯ ಮತ್ತು ಅಮೆರಿಕನ್ ಇಂಗ್ಲಿಷಿನ ಒತ್ತನ್ನು ಅಳತೆಗೊಳಪಡಿಸಿ, ಭೌತಿಕ ಚಹರೆಗಳಲ್ಲೇ ವ್ಯತ್ಯಾಸವಿದೆಯೆಂದು ತೋರಿಸಿದರು. ಇದರ ತಾತ್ಪರ್ಯವನ್ನು ಬಿಡಿಸಿ ಹೇಳಬೇಕು: ಕರ್ನಾಟಕದ ಮಗು ಕೇಳುತ್ತ ಬೆಳೆಯುವ ಇಂಗ್ಲಿಷ್ ಉಚ್ಚಾರಣಾ ಕೋಶದ ಇಂಗ್ಲಿಷ್ ಅಲ್ಲ, ಅಕ್ಕಪಕ್ಕದವರು ಆಡುವ ಇಂಗ್ಲಿಷ್. ಪ್ಯಾರಿಸ್ಸಿನ ದ್ವಿಭಾಷಿಕ ಮಗುವಿಗೆ ಸ್ಪ್ಯಾನಿಷಿನ ಒತ್ತನ್ನು ಕೊಟ್ಟದ್ದು ಸ್ಪ್ಯಾನಿಷ್ ಮಾತೃಭಾಷೆಯಾಗಿದ್ದ ಮನೆಯವರು. ಆ ಇಬ್ಬರನ್ನೂ ‘ಬಾಲ್ಯದ ದ್ವಿಭಾಷಿಕ’ ಎಂಬ ಒಂದೇ ಅಂಕಣದಲ್ಲಿ ಬರೆದರೆ ನಾವು ಅಳೆಯುವುದು ಕಿವಿಯನ್ನಲ್ಲ, ಕಿವಿಗೆ ಬಿದ್ದದ್ದನ್ನು.

ಕನ್ನಡದ ಕಿವಿ ಇಂಗ್ಲಿಷಿನ ಒತ್ತನ್ನು ಏನು ಮಾಡಿತು ಎಂಬುದಕ್ಕೆ ಹಳೆಯ ಎರವಲು ಪದಗಳು ಒಂದು ಬಗೆಯ ದಾಖಲೆ. ಪೊಲೀಸು ಎಂಬಲ್ಲಿ ದೀರ್ಘ ಬಿದ್ದದ್ದು ಇಂಗ್ಲಿಷಿನ ಒತ್ತು ಬೀಳುವ ಜಾಗದಲ್ಲೇ. ಆದರೆ ನೋಟೀಸು, ಆಫೀಸು, ಟಿಕೀಟುಗಳಲ್ಲಿ ಇಂಗ್ಲಿಷಿನ ಒತ್ತು ಮೊದಲ ಉಚ್ಚಾರಾಂಶದ ಮೇಲಿದ್ದರೂ ಕನ್ನಡದಲ್ಲಿ ದೀರ್ಘವಾದದ್ದು ಒತ್ತಿಲ್ಲದ ಎರಡನೆಯದು. ಇಂಥ ಕೆಲವು ಪದಗಳು ಬೇರೆ ಭಾರತೀಯ ಭಾಷೆಗಳ ಮೂಲಕ ಬಂದಿರುವ ಸಾಧ್ಯತೆಯನ್ನೂ ಬರೆಹದ ಪ್ರಭಾವವನ್ನೂ ಕಳೆದು ನೋಡಿದರೂ, ಒತ್ತನ್ನು ನಿಯತವಾಗಿ ದೀರ್ಘವಾಗಿ ಅನುವಾದಿಸುವ ಕ್ರಮವೊಂದು ನೆಲೆಗೊಂಡಿರಲಿಲ್ಲ ಎನ್ನಲು ಇವು ಸಾಕು. ಪದಗಳು ಕನ್ನಡದ ಮಾತ್ರಾವಿನ್ಯಾಸಕ್ಕೆ ಹೊಂದಿಕೊಂಡವು. ಇದಕ್ಕೆ ಪ್ರತಿಯಾಗಿ, 1920ರ ದಶಕದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಮಾಡಿದ್ದು ಪ್ರಜ್ಞಾಪೂರ್ವಕವಾದ ಅನುವಾದ: ಇಂಗ್ಲಿಷ್ ಪದ್ಯದ ಆಘಾತಲಯವನ್ನು ಅವರು ಕನ್ನಡದ ಮಾತ್ರಾಗಣಗಳಲ್ಲಿ ಮರುಕಟ್ಟಿದರು. ಒತ್ತು ಅವರ ಕಿವಿಗೆ ಬಿದ್ದಿರಲಿಲ್ಲವೆಂದು ಯಾರೂ ಹೇಳಲಾರರು. ಕೇಳಿದ್ದನ್ನು ಅವರು ಕನ್ನಡ ದಾಖಲಿಸಬಲ್ಲ ರೂಪದಲ್ಲಿ ದಾಖಲಿಸಿದರು. ಹದಿಮೂರನೆಯ ಶತಮಾನದಲ್ಲೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಿಥಿಲದ್ವಿತ್ವವನ್ನು ಗುರುತಿಸಿದ್ದನೆಂಬುದನ್ನು ಇಲ್ಲಿ ನೆನೆಯಬೇಕು: ಒತ್ತಕ್ಷರ ಮುಂದಿದ್ದರೂ ಉಚ್ಚಾರಣೆ ತೇಲಿದರೆ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ ಎಂದು ಕೇಳಿಸಿಕೊಂಡ ಪರಂಪರೆ ಇದು. ಅದರ ಸೂಕ್ಷ್ಮತೆಯೆಲ್ಲ ತೂಕದ ಕಡೆಗಿದೆ.

ಮತ್ತೆ 1992ರ ಆ ಪ್ರಶ್ನೆಗೆ ಬರೋಣ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಆಡುವ ಮಂಗಳೂರಿನ ಹುಡುಗಿಗೆ, ಅಥವಾ ತೆಲುಗು-ಕನ್ನಡಗಳ ನಡುವೆ ಗೆರೆಯೆಲ್ಲಿದೆಯೆಂದು ಯೋಚಿಸದೆ ಬೆಳೆದ ಕೋಲಾರದ ಹುಡುಗನಿಗೆ ಒಂದು ಭಾಷೆಯನ್ನು ಬಿಟ್ಟುಕೊಡು ಎಂದರೆ ಅವರ ಉತ್ತರ ಗ್ರಹಿಕೆಯ ಬಗ್ಗೆ ಏನನ್ನು ಹೇಳುತ್ತದೆ? ಮನೆಯ ಮೇಲಿನ ಮಮತೆ, ಉದ್ಯೋಗದ ಲೆಕ್ಕಾಚಾರ, ಸಭೆಯ ಮರ್ಯಾದೆ ಎಲ್ಲವೂ ಆ ಉತ್ತರದೊಳಗೆ ಸೇರಿಕೊಳ್ಳುತ್ತವೆ. ಪ್ರಾಬಲ್ಯ ಎಂಬ ಏಕಮಾನ ಇಲ್ಲಿ ಒಡೆದುಹೋಗುತ್ತದೆ. ಅಲ್ಲದೆ ತುಳು, ಕನ್ನಡ, ತೆಲುಗು ಮೂರೂ ಪದಾಘಾತವನ್ನು ಅರ್ಥಭೇದಕ್ಕೆ ಬಳಸದ ಭಾಷೆಗಳು. ಎರಡು ಭಾಷೆ ಬಲ್ಲವನೆಂಬ ಕಾರಣಕ್ಕೆ ಒತ್ತಿನ ಗ್ರಹಿಕೆ ಚುರುಕಾಗಬೇಕೆಂಬ ನಿರೀಕ್ಷೆಗೆ ಇಲ್ಲಿ ಆಧಾರವಿಲ್ಲ. ಎಷ್ಟು ಭಾಷೆ ಎಂಬುದಕ್ಕಿಂತ ಎಂಥ ಭಾಷೆ ಎಂಬುದು ಮುಖ್ಯ.

ಆದ್ದರಿಂದ ಕನ್ನಡ-ಇಂಗ್ಲಿಷ್ ಕೇಳುಗರ ಮೇಲೆ 2001ರ ಸರಣಿ ವಿಧಾನವನ್ನು ಬಳಸುವವರು ಅದರ ಮೂಲ ರೂಪವನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಒತ್ತು ಬಿದ್ದ ಸ್ವರದ ಕಾಲಾವಧಿ ಹೆಚ್ಚಾಗಿದ್ದರೆ ಕನ್ನಡ ಕೇಳುಗ ˈಮಿಪ ಎಂಬುದನ್ನು ‘ಮೀಪ’ ಎಂದು ದಾಖಲಿಸಿಕೊಂಡು ಸುಲಭವಾಗಿ ತೇರ್ಗಡೆಯಾಗುತ್ತಾನೆ; ಆಗ ನಾವು ಒತ್ತಿನ ಗ್ರಹಿಕೆಯೆಂದು ವರದಿ ಮಾಡುವುದು ಬಿಡು-ಬೀಡುವಿನ ಗ್ರಹಿಕೆಯನ್ನೇ. ಕಾಲಾವಧಿಯನ್ನು ಸಮಗೊಳಿಸಿ ಸ್ಥಾಯಿ ಮತ್ತು ತೀವ್ರತೆಯಿಂದ ಮಾತ್ರ ಒತ್ತನ್ನು ಸೂಚಿಸುವ ಒಂದು ಜೋಡಿ, ಹ್ರಸ್ವ-ದೀರ್ಘದಿಂದ ಮಾತ್ರ ಬೇರೆಯಾಗುವ ಇನ್ನೊಂದು ಜೋಡಿ, ವ್ಯಂಜನದಿಂದ ಬೇರೆಯಾಗುವ ಮೂರನೆಯದು: ಕನಿಷ್ಠ ಈ ಮೂರೂ ಇರಬೇಕು. ದನಿಗಳಲ್ಲಿ ಬ್ರಿಟಿಷ್ ಅಥವಾ ಅಮೆರಿಕನ್ ಮಾತುಗಾರರ ಜೊತೆಗೆ, ಆ ಕೇಳುಗರ ಊರಿನಲ್ಲೇ ಇಂಗ್ಲಿಷ್ ಪಾಠ ಹೇಳುವವರ ದನಿಯೂ ಇರಬೇಕು.